ಬೆಟ್ಟ ಸಿಡಿಯಿತೋ, ಕುಸಿಯಿತೋ?

ಅಮೆರಿಕದ ಆರೆಗನ್ ರಾಜ್ಯದಲ್ಲಿ ಕ್ರೇಟರ್ ಲೇಕ್ ಎಂಬ ಕಡುನೀಲಿ ಸರೋವರವಿದೆ. ಅದರ ಹುಟ್ಟಿನ ಬಗ್ಗೆ ಅಲ್ಲಿನ ಮೂಲನಿವಾಸಿಗಳಾದ ಕ್ಲಾಮತ್ ಜನರಲ್ಲಿ ಒಂದು ಕತೆಯುಂಟು. ಮೊದಲು ಅಲ್ಲಿ ದೊಡ್ಡ ಬೆಟ್ಟವಿತ್ತು; ಅದರಡಿಯಲ್ಲಿ ಕೆಳಲೋಕದ ಒಡೆಯ ಲಾವ್ ಇದ್ದ. ಅವನಿಗೂ ಮೇಲ್ಲೋಕದ ಸ್ಕೆಲ್‌ಗೂ ಕಾಳಗ ಹತ್ತಿತು. ಬೆಂಕಿಮಳೆ ಸುರಿಯಿತು, ಕಾದ ಬಂಡೆಗಳು ಹಾರಾಡಿದವು. ಕೊನೆಗೆ ಸೋತ ಲಾವ್‌ನ ಮೇಲೆ ಬೆಟ್ಟವೇ ಕುಸಿದುಬಿತ್ತು. ಆ ಗುಂಡಿಯಲ್ಲಿ ಮಳೆನೀರು ತುಂಬಿತು. ಇದನ್ನು 1865ರಲ್ಲಿ ಲಾಲೆಕ್ ಎಂಬ ಹಿರಿಯನ ಬಾಯಿಂದ ಕೇಳಿಸಿಕೊಂಡವನು ವಿಲಿಯಂ ಕೋಲ್ವಿಗ್ ಎಂಬ ಯುವ ಸೈನಿಕ.

ಭೂವಿಜ್ಞಾನಿಗಳು ಅಳತೆಗೆ ಇಳಿದದ್ದು ಆಮೇಲೆ. 1886ರಲ್ಲಿ ಕ್ಲಾರೆನ್ಸ್ ಡಟನ್ ಅವರ ತಂಡ ಕಡಿದಾದ ದಂಡೆಯಿಂದ ದೋಣಿ ಇಳಿಸಿ, ಪಿಯಾನೊ ತಂತಿಗೆ ಸೀಸದ ತೂಕ ಕಟ್ಟಿ 168 ಕಡೆ ಆಳ ನೋಡಿತು. ಎಲ್ಲಕ್ಕಿಂತ ಆಳದ ಜಾಗ 1,996 ಅಡಿ. ಇಂದಿನ ಅಳತೆಗೂ ಅದಕ್ಕೂ ಸುಮಾರು 50 ಅಡಿ ವ್ಯತ್ಯಾಸ, ಅಷ್ಟೆ.

ಹಾಗಾದರೆ ಬೆಟ್ಟದ ತಲೆ ಎಲ್ಲಿ ಹೋಯಿತು? ಸಿಡಿದು ಹಾರಿದ್ದರೆ ಹಳೆಯ ಬಂಡೆಯ ಚೂರುಗಳು ಸುತ್ತಲೂ ರಾಶಿ ಬಿದ್ದಿರಬೇಕಿತ್ತು. ಸಿಕ್ಕಿದ್ದು ಬಹುಪಾಲು ಹೊಸ ಶಿಲಾರಸದ ಪ್ಯೂಮಿಸ್ ಕಲ್ಲು ಮತ್ತು ಬೂದಿ. ಹೋವೆಲ್ ವಿಲಿಯಮ್ಸ್ 1942ರಲ್ಲಿ ಲೆಕ್ಕ ಸಮೇತ ತೋರಿಸಿದರು: ಶಿಲಾರಸ ಹೊರಚೆಲ್ಲಿ ಒಡಲು ಬರಿದಾದಾಗ ಮಝಾಮಾ ಎಂಬ ಆ ಜ್ವಾಲಾಮುಖಿ ಒಳಕ್ಕೆ ಕುಸಿದಿತ್ತು. ಆದದ್ದು ಸುಮಾರು 7,700 ವರ್ಷಗಳ ಹಿಂದೆ.

ಅದನ್ನು ನೋಡಲು ಆಗ ಅಲ್ಲಿ ಮನುಷ್ಯರಿದ್ದರೆ? 1938ರಲ್ಲಿ ಲೂಥರ್ ಕ್ರೆಸ್‌ಮನ್ ಫೋರ್ಟ್ ರಾಕ್ ಗುಹೆ ಅಗೆದಾಗ ಮಝಾಮಾದ ಬೂದಿಪದರದ ಕೆಳಗೆ ಗಿಡದ ತೊಗಟೆಯಿಂದ ಹೆಣೆದ ಹತ್ತಾರು ಚಪ್ಪಲಿಗಳು ಸಿಕ್ಕವು. ಮುಂದೆ ರೇಡಿಯೊ ಕಾರ್ಬನ್ ಪರೀಕ್ಷೆ ಅವುಗಳ ವಯಸ್ಸನ್ನು 9,000 ವರ್ಷದ ಆಸುಪಾಸು ಎಂದಿತು. ಬೂದಿ ಬೀಳುವ ಮೊದಲೇ ಆ ಸೀಮೆಯಲ್ಲಿ ಜನ ಓಡಾಡಿದ್ದರು.

ಇಷ್ಟಾದರೆ ಕತೆ ಪುರಾವೆಯಾಯಿತೇ? ಅವಸರ ಬೇಡ. ಚಪ್ಪಲಿ ಹೇಳುವುದು ಜನರಿದ್ದರು ಎಂದಷ್ಟೇ. ಅವರು ಕಂಡದ್ದೇ ಲಾಲೆಕ್‌ವರೆಗೆ ಬಂತು ಎಂದಲ್ಲ. ಸರೋವರದೊಳಗಿನ ವಿಝರ್ಡ್ ದ್ವೀಪ ಲಾವ್‌ನ ತಲೆ ಎಂದು ಇನ್ನೊಂದು ಪಾಠ ಹೇಳುತ್ತದೆ. ಅಂಥ ಮಾತು ದ್ವೀಪ ನೋಡಿದ ಯಾರಿಗಾದರೂ ಹೊಳೆದೀತು. ಕುಸಿತವೂ ಊಹೆಯಾಗಿರಬಹುದು: ಸಿಡಿತ, ಕುಸಿತ ಎಂಬ ಎರಡೇ ದಾರಿಗಳಲ್ಲಿ ಒಂದು ಸರಿಬೀಳುವುದು ಪವಾಡವೇನಲ್ಲ. ಆದರೆ ತಣ್ಣನೆಯ ನೀರಷ್ಟೇ ಕಾಣುವ ಕಡೆ ಬೆಂಕಿ, ಹಾರುವ ಬಂಡೆ, ಕುಸಿತ, ಮಳೆನೀರು ಇಷ್ಟೂ ಆದ ಕ್ರಮದಲ್ಲೇ ಕೂಡಿಬಂದಿರುವುದನ್ನು ಬರೀ ಊಹೆ ಎಂದು ತಳ್ಳಿಹಾಕುವುದು ಕಷ್ಟ. ಪುರಾಣದಲ್ಲಿ ನೋಡಿದ್ದನ್ನೂ ಅದಕ್ಕೆ ಕೊಟ್ಟ ಕಾರಣವನ್ನೂ ಬೇರೆಬೇರೆಯಾಗಿ ತೂಗಬೇಕು. ಬೆಟ್ಟ ಬಿದ್ದ ಮಾತಿಗೆ ಬೂದಿ ಸಾಕ್ಷಿ ನುಡಿಯುತ್ತದೆ. ಲಾವ್‌ನ ಮಾತಿಗೆ ಕತೆಯ ಹೊರತು ಬೇರೆ ಸಾಕ್ಷಿಯಿಲ್ಲ.