ಸಿಬ್ಬಂದಿ ಮತ್ತು ವೇತನ ದತ್ತಾಂಶದ ವರ್ಗಾವಣೆ

ಸಿಬ್ಬಂದಿ ಮತ್ತು ವೇತನ ದತ್ತಾಂಶದ ವರ್ಗಾವಣೆ ಎಂದರೆ ಒಂದು ಸಂಸ್ಥೆಯ ನೌಕರರ ಸೇವಾ ವಿವರ, ವೇತನ, ಭತ್ಯೆ ಮತ್ತು ಕಡಿತಗಳ ಮಾಹಿತಿಯನ್ನು ಹಳೆಯ ಗಣಕ ವ್ಯವಸ್ಥೆಯಿಂದ ಹೊಸ ಸಂಸ್ಕರಣಾ ವ್ಯವಸ್ಥೆಗೆ ಸಾಗಿಸುವ ಕಾರ್ಯ. ಮೂಲ ದತ್ತಸಂಚಯದ ಜೊತೆಗೆ ಅದರಿಂದ ಪ್ರತಿ ತಿಂಗಳು ಹೊರತೆಗೆಯಲಾಗುವ ಆಯ್ದ ಮಾಹಿತಿಯ ಕಡತಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಈ ಕಡತಗಳನ್ನು ಎಕ್ಸ್‌ಟ್ರ್ಯಾಕ್ಟ್ ಎಂದು ಕರೆಯುತ್ತಾರೆ. ಕರ್ನಾಟಕ ಸರ್ಕಾರದ ಮಾನವ ಸಂಪನ್ಮೂಲ ನಿರ್ವಹಣಾ ವ್ಯವಸ್ಥೆಯನ್ನು (ಎಚ್‌ಆರ್‌ಎಂಎಸ್) ಹಂತ ಹಂತವಾಗಿ ಎಚ್‌ಆರ್‌ಎಂಎಸ್-2ಕ್ಕೆ ಬದಲಾಯಿಸುತ್ತಿರುವುದು ಇದಕ್ಕೆ ರಾಜ್ಯದ ಪ್ರಮುಖ ಉದಾಹರಣೆ.

ಕಾರ್ಯವಿಧಾನ

ರಾಜ್ಯ ಸರ್ಕಾರಿ ನೌಕರರ ವೇತನ ಬಿಲ್ಲನ್ನು ಹಣ ಸೆಳೆಯುವ ಮತ್ತು ಬಟವಾಡೆ ಮಾಡುವ ಅಧಿಕಾರಿ (ಡಿಡಿಒ) ಸಿದ್ಧಪಡಿಸುತ್ತಾರೆ. ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿನ ಹಲಗೇರಿಯಂತಹ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರ ಬಿಲ್ಲು ತಾಲ್ಲೂಕು ಕೇಂದ್ರದ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲಿ ತಯಾರಾಗುತ್ತದೆ. ಎಚ್‌ಆರ್‌ಎಂಎಸ್‌ನಲ್ಲಿ ಸಿದ್ಧವಾದ ಬಿಲ್ಲು ಖಜಾನೆ-2 ವ್ಯವಸ್ಥೆಯ ಮೂಲಕ ತೀರಿಕೆಯಾಗಿ ಹಣ ನೌಕರರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ.

ಇದೇ ದತ್ತಾಂಶದಿಂದ ಬೇರೆ ಬೇರೆ ಕಡತಗಳು ಹೊರಡುತ್ತವೆ. ವಿಮಾ ಕಂತು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಗೆ (ಕೆಜಿಐಡಿ), ಭವಿಷ್ಯ ನಿಧಿಯ ವಂತಿಗೆ ಮಹಾಲೇಖಪಾಲರ ಲೆಕ್ಕಕ್ಕೆ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ (ಎನ್‌ಪಿಎಸ್) ವಂತಿಗೆ ಕೇಂದ್ರ ದಾಖಲೆ ಸಂಸ್ಥೆಗೆ, ಮೂಲದಲ್ಲಿ ಕಡಿತವಾದ ತೆರಿಗೆಯ ವಿವರ ಆದಾಯ ತೆರಿಗೆ ಇಲಾಖೆಗೆ ತಲುಪಬೇಕು. ಆದ್ದರಿಂದ ಕೈಗೆ ಬಂದ ಸಂಬಳ ಸರಿಯಾಗಿದ್ದರೂ ವರ್ಗಾವಣೆ ಯಶಸ್ವಿಯಾಯಿತು ಎನ್ನಲಾಗದು. ಎನ್‌ಪಿಎಸ್ ಕಡತದಲ್ಲಿ ಒಂದು ಸಾಲು ಬಿಟ್ಟುಹೋದರೆ ಆ ತಿಂಗಳ ವಂತಿಗೆ ಹೂಡಿಕೆಯಾಗುವುದು ತಡವಾಗುತ್ತದೆ. ಅದರ ನಷ್ಟ ನೌಕರರಿಗೆ ತಿಳಿಯುವುದು ಹಲವು ವರ್ಷಗಳ ನಂತರ, ಕೆಲವೊಮ್ಮೆ ನಿವೃತ್ತಿಯ ಸಮಯದಲ್ಲಿ.

ಗುರುತು ಮತ್ತು ಹೆಸರುಗಳ ಸಮಸ್ಯೆ

ವರ್ಗಾವಣೆಯಲ್ಲಿ ಹಳೆಯ ದಾಖಲೆ ಮತ್ತು ಹೊಸ ದಾಖಲೆ ಒಬ್ಬರೇ ವ್ಯಕ್ತಿಗೆ ಸೇರಿವೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಮೊದಲ ಹಂತ. ಹೆಸರಿನ ಆಧಾರದಲ್ಲಿ ಇದನ್ನು ಮಾಡಲಾಗದು. ಇನಿಷಿಯಲ್ ಕೆಲವೆಡೆ ಹೆಸರಿನ ಮುಂದೆ, ಕೆಲವೆಡೆ ಹಿಂದೆ ಇರುತ್ತದೆ. ಈ ಕಾರಣದಿಂದ ಎಚ್‌ಆರ್‌ಎಂಎಸ್‌ನಲ್ಲಿ ಕೆಜಿಐಡಿ ಸಂಖ್ಯೆಯೇ ನೌಕರರ ಗುರುತಾಗಿ ಬಳಕೆಯಲ್ಲಿದೆ.

ಸ್ಥಳನಾಮಗಳಲ್ಲಿಯೂ ಇಂತಹ ತೊಡಕು ಇದೆ. ರಾಣೇಬೆನ್ನೂರು, ಬ್ಯಾಡಗಿ ಊರುಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯುವ ರೂಢಿಯಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರಿನ ಇಂಗ್ಲಿಷ್ ರೂಪ ಅಧಿಕೃತವಾಗಿ ಬದಲಾಯಿತು. ಆಡಳಿತ ಗಡಿಗಳೂ ಬದಲಾಗಿವೆ. ಹಾವೇರಿ ಜಿಲ್ಲೆ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟದ್ದು 1997ರಲ್ಲಿ. ಹಿರೇಕೆರೂರು ತಾಲ್ಲೂಕಿನಿಂದ ರಟ್ಟೀಹಳ್ಳಿ ತಾಲ್ಲೂಕು ರಚನೆಯಾದದ್ದು ಅದಕ್ಕಿಂತ ಎರಡು ದಶಕಗಳ ಬಳಿಕ. 1997ಕ್ಕಿಂತ ಮೊದಲು ಹಲಗೇರಿಯಲ್ಲಿ ಸೇವೆಗೆ ಸೇರಿದವರ ಸೇವಾ ಪುಸ್ತಕದ ಮೊದಲ ಪುಟಗಳಲ್ಲಿ ಧಾರವಾಡ ಜಿಲ್ಲೆ ಎಂದೇ ಇರುತ್ತದೆ. ಅದನ್ನು ತಪ್ಪೆಂದು ಭಾವಿಸಿ ತಿದ್ದಿದರೆ ಸೇವಾ ಇತಿಹಾಸವೇ ಬದಲಾಗುತ್ತದೆ. ಸರಿಯಾದ ಕ್ರಮವೆಂದರೆ ಪ್ರತಿ ಸಂಕೇತಕ್ಕೂ ಅದು ಜಾರಿಯಲ್ಲಿದ್ದ ಅವಧಿಯನ್ನು ಜೊತೆಗೆ ದಾಖಲಿಸುವುದು.

ನುಡಿಯಂತಹ ತಂತ್ರಾಂಶಗಳಲ್ಲಿ ಹಳೆಯ ಅಕ್ಷರ ಸಂಕೇತಗಳನ್ನು ಬಳಸಿ ಬೆರಳಚ್ಚಿಸಿದ ಕನ್ನಡ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕಾಗುತ್ತದೆ. ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸ್ಥಾನಪಲ್ಲಟವಾಗುವುದು ಈ ಪರಿವರ್ತನೆಯಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

ನಿಯಮಗಳ ವರ್ಗಾವಣೆ

ವೇತನದ ಅಂಕಿಗಳ ಹಿಂದೆ ಕಾಲಕಾಲಕ್ಕೆ ಬದಲಾದ ನಿಯಮಗಳಿವೆ. ರಾಜ್ಯ 7ನೇ ವೇತನ ಆಯೋಗದ ಶಿಫಾರಸಿನಂತೆ ಪರಿಷ್ಕೃತ ವೇತನ 2022ರ ಜುಲೈ 1ರಿಂದ ಲೆಕ್ಕಕ್ಕೆ ಬಂದು, ಆರ್ಥಿಕ ಲಾಭ 2024ರ ಆಗಸ್ಟ್ 1ರಿಂದ ದೊರೆಯಿತು. 17,000 ರೂಪಾಯಿ ಮೂಲ ವೇತನಕ್ಕೆ ಶೇ. 31 ತುಟ್ಟಿಭತ್ಯೆ (5,270) ಮತ್ತು ಶೇ. 27.5 ಹೆಚ್ಚಳ (4,675) ಸೇರಿಸಿದರೆ 26,945 ರೂಪಾಯಿ ಆಗುತ್ತದೆ. ಹೊಸ ಶ್ರೇಣಿಯಲ್ಲಿ ಇದು 27,000 ರೂಪಾಯಿಗೆ ನಿಗದಿಯಾಗುತ್ತದೆ. ಹೊಸ ವ್ಯವಸ್ಥೆಗೆ 27,000 ಎಂಬ ಅಂಕಿಯನ್ನು ಮಾತ್ರ ಸಾಗಿಸಿದರೆ, ಮುಂದೆ ಹಿಂದಿನ ದಿನಾಂಕದಿಂದ ಬಡ್ತಿ ದೊರೆತವರ ಬಾಕಿ ವೇತನವನ್ನು ಲೆಕ್ಕಹಾಕಲು ಆಧಾರವಿರುವುದಿಲ್ಲ.

ಒಂದು ಮಾಹಿತಿಯಿಂದ ಇನ್ನೊಂದನ್ನು ಊಹಿಸುವುದು ಸಹ ಅಪಾಯಕಾರಿ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ನೇಮಕವಾದವರಿಗೆ ಎನ್‌ಪಿಎಸ್ ಅನ್ವಯಿಸುತ್ತದೆ. ಆದರೆ ಆ ದಿನಾಂಕಕ್ಕೆ ಮುನ್ನ ಹೊರಡಿಸಿದ ಅಧಿಸೂಚನೆಯ ಮೇಲೆ ಆಯ್ಕೆಯಾಗಿ ನಂತರ ಸೇವೆಗೆ ಸೇರಿದ ಸುಮಾರು 13,000 ನೌಕರರಿಗೆ ಹಳೆಯ ಪಿಂಚಣಿಯ ಅವಕಾಶ ನೀಡುವ ಆದೇಶ 2024ರಲ್ಲಿ ಹೊರಬಿದ್ದಿತು. ಸೇರಿದ ದಿನಾಂಕವನ್ನಷ್ಟೇ ನೋಡುವ ತಂತ್ರಾಂಶ ಇವರನ್ನು ತಪ್ಪು ವರ್ಗಕ್ಕೆ ಸೇರಿಸುತ್ತದೆ.

ತಾಂತ್ರಿಕ ಅಂಶಗಳು

ಹಳೆಯ ವ್ಯವಸ್ಥೆಗಳು ಸಾಮಾನ್ಯವಾಗಿ ದಾಖಲೆಗಳನ್ನು ಒಂದರ ನಂತರ ಒಂದರಂತೆ ಸಂಸ್ಕರಿಸುತ್ತವೆ. ಅಪಾಚೆ ಸ್ಪಾರ್ಕ್‌ನಂತಹ ಹೊಸ ಚೌಕಟ್ಟುಗಳು ದತ್ತಾಂಶವನ್ನು ಭಾಗಗಳಾಗಿ ವಿಂಗಡಿಸಿ ಹಲವು ಗಣಕಗಳಲ್ಲಿ ಏಕಕಾಲಕ್ಕೆ ಸಂಸ್ಕರಿಸುತ್ತವೆ. ಇದರಿಂದ ವೇಗ ಹೆಚ್ಚುತ್ತದೆ; ಆದರೆ ಸಾಲುಗಳ ಕ್ರಮ ಮೊದಲಿನಂತೆಯೇ ಉಳಿಯುತ್ತದೆ ಎಂಬ ಖಾತರಿ ಇರುವುದಿಲ್ಲ. ಇತರ ಮುಖ್ಯ ಎಚ್ಚರಿಕೆಗಳು ಹೀಗಿವೆ:

• ಹಣದ ಮೊತ್ತವನ್ನು ದಶಮಾಂಶ ಮಾದರಿಯಲ್ಲಿಯೇ ಇಡಬೇಕು. ದ್ವಿಮಾನ ಚರಬಿಂದು ಮಾದರಿಯಲ್ಲಿ 0.1ರಂತಹ ಸಂಖ್ಯೆಗೂ ನಿಖರ ರೂಪವಿಲ್ಲದ ಕಾರಣ ಪೈಸೆಗಳ ವ್ಯತ್ಯಾಸ ಉಂಟಾಗುತ್ತದೆ.
• ಬ್ಯಾಂಕ್ ಖಾತೆ ಸಂಖ್ಯೆಯನ್ನು ಪಠ್ಯವೆಂದು ಪರಿಗಣಿಸಬೇಕು. ಇಲ್ಲವಾದರೆ ಆರಂಭದ ಸೊನ್ನೆಗಳು ಅಳಿಸಿಹೋಗುತ್ತವೆ.
• ಖಾಲಿ ಅಂಕಣ ಮತ್ತು ಸೊನ್ನೆ ಒಂದೇ ಅಲ್ಲ. ಭವಿಷ್ಯ ನಿಧಿಯ ಕಡಿತ ಸೊನ್ನೆ ಎಂದರೆ ಆ ತಿಂಗಳು ಕಡಿತವಿಲ್ಲ ಎಂದರ್ಥ. ಖಾಲಿ ಎಂದರೆ ಆ ನೌಕರರಿಗೆ ಅದು ಅನ್ವಯಿಸುವುದೇ ಇಲ್ಲ ಎಂದಾಗಬಹುದು.
• ಅರ್ಧಕ್ಕೆ ನಿಂತ ಪ್ರಕ್ರಿಯೆಯನ್ನು ಮತ್ತೆ ಚಾಲನೆ ಮಾಡಿದಾಗ ಒಂದೇ ಬಿಲ್ಲು ಎರಡು ಬಾರಿ ಪಾವತಿಗೆ ಹೋಗಬಾರದು.

ಪರೀಕ್ಷೆ

ಕೆಲವು ತಿಂಗಳು ಹಳೆಯ ಮತ್ತು ಹೊಸ ವ್ಯವಸ್ಥೆಗಳನ್ನು ಜೊತೆಜೊತೆಯಾಗಿ ನಡೆಸಿ ಫಲಿತಾಂಶಗಳನ್ನು ಹೋಲಿಸುವ ಸಮಾನಾಂತರ ಚಾಲನೆ ಪ್ರಮುಖ ಪರೀಕ್ಷೆ. ಒಟ್ಟು ಮೊತ್ತ ತಾಳೆಯಾದರೆ ಸಾಲದು. ಒಬ್ಬರಿಗೆ 500 ರೂಪಾಯಿ ಹೆಚ್ಚು, ಇನ್ನೊಬ್ಬರಿಗೆ 500 ರೂಪಾಯಿ ಕಡಿಮೆಯಾದರೂ ಒಟ್ಟು ಮೊತ್ತ ಒಂದೇ ಇರುತ್ತದೆ. ಆದ್ದರಿಂದ ಪ್ರತಿ ನೌಕರರ ಪ್ರತಿ ಅಂಕಣವನ್ನೂ ಹೋಲಿಸಬೇಕು.

ಪರೀಕ್ಷೆಗೆ ಆರಿಸುವ ತಿಂಗಳೂ ಮುಖ್ಯ. ರಾಜ್ಯದ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ. 2025ರ ತಿದ್ದುಪಡಿಯ ನಂತರ ಫೆಬ್ರವರಿಯಲ್ಲಿ ಮಾತ್ರ 300 ರೂಪಾಯಿ. ಇದರಿಂದ ವಾರ್ಷಿಕ ಮೊತ್ತ ಸಂವಿಧಾನದ 276ನೇ ವಿಧಿಯ ಮಿತಿಯಾದ 2,500 ರೂಪಾಯಿಗೆ ಸರಿಹೊಂದುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ನಡೆಸಿದ ಪರೀಕ್ಷೆಯಲ್ಲಿ ಈ ನಿಯಮದ ದೋಷ ಕಾಣಿಸಿಕೊಳ್ಳುವುದಿಲ್ಲ.

ವಿಫಲ ಪ್ರಯತ್ನಗಳು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆರೋಗ್ಯ ಇಲಾಖೆ 2010ರಲ್ಲಿ ಹೊಸ ವೇತನ ವ್ಯವಸ್ಥೆಗೆ ಬದಲಾದಾಗ ಸಾವಿರಾರು ನೌಕರರಿಗೆ ಕಡಿಮೆ ಅಥವಾ ಹೆಚ್ಚು ವೇತನ ಪಾವತಿಯಾಯಿತು. ಈ ಕುರಿತು 2013ರಲ್ಲಿ ವಿಚಾರಣಾ ಆಯೋಗ ವಿಚಾರಣೆ ನಡೆಸಿತು. ಕೆನಡಾದ ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಫೀನಿಕ್ಸ್ ವ್ಯವಸ್ಥೆಯೂ ಇಂತಹದೇ ಗೊಂದಲಕ್ಕೆ ಕಾರಣವಾಯಿತು. ಹಲವು ನೌಕರರು ವೇತನವಿಲ್ಲದೆ ಸಾಲ ಮಾಡಬೇಕಾಯಿತು. ಹೆಚ್ಚು ಹಣ ಪಡೆದವರು ಅದನ್ನು ಮರಳಿಸಬೇಕಾಯಿತು. ಅಲ್ಲಿ ಅನುಭವಿ ವೇತನ ಸಿಬ್ಬಂದಿಯನ್ನು ಮೊದಲೇ ಕಡಿಮೆ ಮಾಡಲಾಗಿತ್ತು. ಲಿಖಿತ ನಿಯಮಗಳಲ್ಲಿ ಇಲ್ಲದ ವಿನಾಯಿತಿಗಳು ಬಹುಮಟ್ಟಿಗೆ ಇಂತಹ ಸಿಬ್ಬಂದಿಯ ತಿಳಿವಳಿಕೆಯಲ್ಲಿಯೇ ಇರುತ್ತವೆ.

ಹಳೆಯ ದಾಖಲೆಗಳ ಸಂರಕ್ಷಣೆ

ವರ್ಗಾವಣೆ ಮುಗಿದ ನಂತರವೂ ಹಳೆಯ ದತ್ತಾಂಶವನ್ನು ಓದಲು ಸಾಧ್ಯವಾಗುವ ರೂಪದಲ್ಲಿ ಉಳಿಸಬೇಕಾಗುತ್ತದೆ. ಪಿಂಚಣಿ, ಕುಟುಂಬ ಪಿಂಚಣಿ ಮತ್ತು ನ್ಯಾಯಾಲಯದ ಪ್ರಕರಣಗಳಲ್ಲಿ ದಶಕಗಳ ಹಿಂದಿನ ವೇತನದ ವಿವರ ಬೇಕಾಗಬಹುದು. ಗಣಕದ ದಾಖಲೆಗೂ ಕಾಗದದ ಸೇವಾ ಪುಸ್ತಕಕ್ಕೂ ವ್ಯತ್ಯಾಸ ಕಂಡುಬಂದಾಗ, ದೃಢೀಕರಿಸಿದ ಸಹಿಯಿರುವ ಸೇವಾ ಪುಸ್ತಕದ ನಮೂದನ್ನು ಪರಿಶೀಲಿಸಿ ದತ್ತಾಂಶವನ್ನು ಸರಿಪಡಿಸಲಾಗುತ್ತದೆ.