ವಾಹನದ ಸರದಿ: ಪದೇ ಪದೇ ನೋಡುವ ಕೆಲಸ ಯಂತ್ರಕ್ಕಿರಲಿ

ಸದಸ್ಯ ಬಾಂಧವರಲ್ಲಿ ಅನೇಕರು ಕಾರು, ಜೀಪು ಅಥವಾ ಪಿಕಪ್ ಗಾಡಿಗೆ ಮುಂಗಡ ಕಟ್ಟಿ ಕಾಯುತ್ತಿರುತ್ತಾರೆ. ಬೇಡಿಕೆಯ ಗಾಡಿಗಳಿಗೆ ಸಾಲು ಎಷ್ಟು ಉದ್ದವೆಂದರೆ, 2024ರ ಅಕ್ಟೋಬರ್ 3ರಂದು ಮಹೀಂದ್ರ ಥಾರ್ ರಾಕ್ಸ್ ಬುಕಿಂಗ್ ತೆರೆದ ಮೊದಲ ಒಂದು ಗಂಟೆಯಲ್ಲಿಯೇ 1,76,218 ಬುಕಿಂಗ್‌ಗಳಾದವು. ನಮ್ಮ ಸರದಿ ಎಲ್ಲಿಗೆ ಬಂತೆಂಬುದನ್ನು ಅನೇಕ ಕಂಪನಿಗಳು ತಮ್ಮ ಜಾಲತಾಣದಲ್ಲಿ ತೋರಿಸುತ್ತವೆ. ಆದರೆ ಅದನ್ನು ನಾವೇ ಹೋಗಿ ನೋಡಬೇಕು.

ಇದರಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ಪಿಕಪ್ ಬುಕ್ ಮಾಡಿದ ಹೊಸದರಲ್ಲಿ ದಿನಕ್ಕೆರಡು ಸಲ ನೋಡುತ್ತಿದ್ದೆವು, ನಂತರ ವಾರಕ್ಕೊಮ್ಮೆ. ಅಡಿಕೆ ಕೊಯ್ಲು ಬಂದಾಗ ಮರೆತೇಬಿಟ್ಟೆವು. ಆ ವೇಳೆಗೆ ಗಾಡಿ ನಮ್ಮ ಹೆಸರಿಗೆ ಹಂಚಿಕೆಯಾಗಿ, ಉಳಿದ ಹಣ ಕಟ್ಟಲು ಒಂದು ವಾರದ ಗಡುವು ಬಿದ್ದಿತ್ತು. ಸೂಚನೆ ಹಳೆಯ ಫೋನ್ ನಂಬರಿಗೆ ಹೋಗಿತ್ತು. ಮುಂಡರಗಿಯಿಂದ ಹುಬ್ಬಳ್ಳಿಗೆ ಓಡಿ ವಿಚಾರಿಸುವಷ್ಟರಲ್ಲಿ ಗಾಡಿ ಮುಂದಿನವರ ಪಾಲಾಗಿತ್ತು. ಆ ಹಂಗಾಮು ಪೂರ್ತಿ ಬಾಡಿಗೆ ಗಾಡಿಯಲ್ಲಿ ಮಾಲು ಸಾಗಿಸಿದೆವು.

ಬೆಲೆಯ ಮಾತೂ ಇದೆ. ಸಾಮಾನ್ಯವಾಗಿ ಬುಕ್ ಮಾಡಿದ ದಿನದ ಬೆಲೆಯಲ್ಲ, ಗಾಡಿ ಕೊಡುವ ದಿನದ ಬೆಲೆಯೇ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರು ಹಾಗೂ ಸರಕು ಸಾಗಣೆ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅಂಥ ಸಮಯದಲ್ಲಿ ಬಿಲ್ಲು ಯಾವ ದಿನ ಆಗುತ್ತದೆಂಬುದು ಸಣ್ಣ ಬೆಳೆಗಾರನಿಗೆ ದೊಡ್ಡ ಲೆಕ್ಕವೇ ಸರಿ.

ಪದೇ ಪದೇ ನೋಡುವ ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸಬಹುದು. ತೋಟದಲ್ಲಿ ಮಳೆ ಅಳೆದು ಪುಸ್ತಕದಲ್ಲಿ ಬರೆಯುವ ರೂಢಿಯಂತೆಯೇ ಇದು:

1. ಗೊತ್ತುಮಾಡಿದ ಹೊತ್ತಿಗೆ ಪ್ರೋಗ್ರಾಂ ಆ ಪುಟವನ್ನು ತೆರೆಯುತ್ತದೆ.
2. ಅದರಲ್ಲಿ ಆರ್ಡರಿನ ಸ್ಥಿತಿ ತಿಳಿಸುವ ಸಾಲನ್ನು ಮಾತ್ರ ಓದುತ್ತದೆ. ಇಡೀ ಪುಟವನ್ನು ಹೋಲಿಸಿದರೆ ಜಾಹೀರಾತು ಬದಲಾದರೂ ಸುಳ್ಳು ಕೂಗು ಏಳುತ್ತದೆ.
3. ಹಿಂದಿನ ಸಲ ಬರೆದಿಟ್ಟುಕೊಂಡದ್ದರೊಡನೆ ಹೋಲಿಸುತ್ತದೆ.
4. ಬದಲಾಗಿದ್ದರೆ ಮಾತ್ರ ಫೋನಿಗೆ ಟೆಲಿಗ್ರಾಂ ಅಥವಾ ಇಮೇಲ್ ಕಳಿಸಿ, ಹೊಸ ಸ್ಥಿತಿಯನ್ನು ಬರೆದಿಡುತ್ತದೆ.

ಪೈಥಾನ್ ಕಲಿತ ಕಾಲೇಜು ಮಕ್ಕಳು ಇದನ್ನು ಕೆಲವೇ ಹತ್ತು ಸಾಲುಗಳಲ್ಲಿ ಬರೆದುಕೊಡಬಲ್ಲರು. ಪರದೇಶಗಳಲ್ಲಿ ಟೆಸ್ಲಾ ಕಾರಿಗೆ ಕಾಯುವವರು ಇಂಥವನ್ನು ಬರೆದು ಬಳಸಿದ್ದಾರೆ.

ಕೆಲವು ಎಚ್ಚರಿಕೆಗಳು ಅಗತ್ಯ. ಮೊದಲು, ಕಂಪನಿಯ ನಿಯಮ ಇದಕ್ಕೆ ಅವಕಾಶ ಕೊಡುತ್ತದೆಯೇ ನೋಡಿರಿ. ನಿಮಿಷಕ್ಕೊಮ್ಮೆ ಕೇಳಿದರೆ ಜಾಲತಾಣ ಬಾಗಿಲು ಮುಚ್ಚುತ್ತದೆ. ನಾಲ್ಕಾರು ತಾಸಿಗೊಮ್ಮೆ ಧಾರಾಳ ಸಾಕು. ಲಾಗಿನ್ ಅವಧಿ ಮುಗಿದರೆ ಮತ್ತೆ ಓಟಿಪಿ ಬೇಕಾಗುತ್ತದೆ, ಆಗ ಪ್ರೋಗ್ರಾಂ ಕುರುಡಾಗುತ್ತದೆ. ಕರೆಂಟು ಹೋದರೂ ಅಷ್ಟೇ. ಸುದ್ದಿ ಬಾರದಿದ್ದರೆ ಬದಲಾವಣೆ ಇಲ್ಲವೆಂದೋ, ಯಂತ್ರವೇ ನಿಂತಿದೆಯೆಂದೋ ತಿಳಿಯುವುದಿಲ್ಲ. ಆದ್ದರಿಂದ ದಿನಕ್ಕೊಮ್ಮೆ 'ನೋಡಿದ್ದೇನೆ, ಬದಲಾವಣೆ ಇಲ್ಲ' ಎಂಬ ಸಂದೇಶ ಕಳಿಸುವಂತೆ ಮಾಡಿರಿ. ಅದು ಬಾರದ ದಿನ ನೀವೇ ನೋಡಿರಿ.

ಪಾಸ್‌ವರ್ಡ್, ಓಟಿಪಿ ಪರರ ಕೈಗೆ ಕೊಡಬಾರದು. 'ನಿಮ್ಮ ಗಾಡಿ ಬಂದಿದೆ, ಈ ಆ್ಯಪ್ ಹಾಕಿಕೊಳ್ಳಿ' ಎಂದು ವಾಟ್ಸಾಪಿನಲ್ಲಿ ಬರುವ ಕಡತಗಳನ್ನು ತೆರೆಯಲೇಬಾರದು. ಬ್ಯಾಂಕಿನ ಹಣಕ್ಕೇ ಕೈ ಬೀಳುತ್ತದೆ.

ಪ್ರೋಗ್ರಾಂ ಬೇಡವೆನ್ನುವವರು ಕಡೇಪಕ್ಷ ಬುಕಿಂಗಿನಲ್ಲಿರುವ ಫೋನ್ ನಂಬರು ಸರಿಯಿದೆಯೇ ಎಂದು ಇಂದೇ ನೋಡಿಕೊಳ್ಳಿರಿ. ನಾವು ಅಷ್ಟು ಮಾಡಿದ್ದರೂ ಗಾಡಿ ಕೈತಪ್ಪುತ್ತಿರಲಿಲ್ಲ.

— ಕಾರ್ಯದರ್ಶಿ