ಸ್ನಾನದ ಹೊತ್ತನ್ನು ನಿರ್ಧರಿಸುವವರು ಯಾರು?

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಹಿರಿಯರ ಆರೈಕೆ ಒಂದು ಕಸುಬಾಗಿ ಬೆಳೆಯುತ್ತಿದೆ. ಆ ಕಸುಬಿನ ರೀತಿನೀತಿ ಬದಲಿಸಲು ಹೊರಟವರ ಪರಿಚಯ ಇಲ್ಲಿದೆ.

ಬೆಳಗ್ಗೆ ಎಂಟಕ್ಕೆ ಡೊಂಬಿವಲಿ ಸ್ಟೇಶನ್ನಿನಲ್ಲಿ ಮುಂಬಯಿ ಕಡೆಯ ಲೋಕಲ್ಲಿಗೆ ಕಾಲಿಡಲು ಜಾಗವಿರುವುದಿಲ್ಲ. ಅದೇ ಹೊತ್ತಿಗೆ ಊರೊಳಗಿನ ಮನೆಗಳಲ್ಲಿ ಇನ್ನೊಂದು ಪಾಳಿ ಬದಲಾಗುತ್ತಿರುತ್ತದೆ. ರಾತ್ರಿ ಡ್ಯೂಟಿಯ ಮಾವಶಿ, ಅಂದರೆ ಹಿರಿಯರನ್ನು ನೋಡಿಕೊಳ್ಳುವ ಹೆಂಗಸು, ಮೆಟ್ಟಿಲಿಳಿದು ಹೋಗುತ್ತಾರೆ, ಹಗಲು ಡ್ಯೂಟಿಯವರು ಹತ್ತಿ ಬರುತ್ತಾರೆ. ಗುಳಿಗೆ ಕೊಟ್ಟದ್ದೆಷ್ಟು ಹೊತ್ತಿಗೆ, ಸಕ್ಕರೆ ಎಷ್ಟಿತ್ತು, ರಾತ್ರಿ ಎಷ್ಟು ಸಲ ಎದ್ದರು ಎಂಬ ವರದಿ ಬಾಗಿಲಲ್ಲೇ ಕೈದಾಟುತ್ತದೆ. ಮಗ, ಸೊಸೆ ಆಗಲೇ ರೈಲು ಹತ್ತಿಯಾಗಿದೆ. ಮನೆಯಲ್ಲಿ ಉಳಿದ ಹಿರಿಯರ ದಿನ ಮುಂದಿನ ಹನ್ನೆರಡು ತಾಸು ನರ್ಸಿಂಗ್ ಬ್ಯೂರೋ ಕಳಿಸಿದ ಒಬ್ಬ ಹೆಂಗಸಿನ ಕೈಯಲ್ಲಿ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು 10.38 ಕೋಟಿ. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 9.5, ಮಹಾರಾಷ್ಟ್ರದಲ್ಲಿ ಶೇ. 9.9. ಆ ಲೆಕ್ಕ ಹಳೆಯದು. ಆಗ ಐವತ್ತರ ಅಂಚಿನಲ್ಲಿದ್ದವರೂ ಈಗ ಅರವತ್ತು ದಾಟಿದ್ದಾರೆ. ಉಡುಪಿ, ಮಂಗಳೂರು ಕಡೆಯಿಂದ ಎಳವೆಯಲ್ಲೇ ಹೊರಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂಬಯಿಯಲ್ಲಿ ಖೋಲಿ ಸಾಲದೆ ಡೊಂಬಿವಲಿ, ಕಲ್ಯಾಣಿನಲ್ಲಿ ಫ್ಲ್ಯಾಟ್ ಕೊಂಡ ತುಳು-ಕನ್ನಡಿಗರ ಒಂದು ಇಡೀ ಪೀಳಿಗೆಯೂ ಇವರಲ್ಲಿದೆ. ಅಂದು ಅಗ್ಗಕ್ಕೆ ಸಿಕ್ಕ ಆ ಫ್ಲ್ಯಾಟ್‌ಗಳಲ್ಲಿ ಎಷ್ಟೋ ಲಿಫ್ಟ್ ಇಲ್ಲದ ಮೂರು, ನಾಲ್ಕು ಮಹಡಿಯ ಕಟ್ಟಡಗಳಲ್ಲಿವೆ. ಮಂಡಿ ಸವೆದ ಮೇಲೆ ಮೂರನೇ ಮಹಡಿಯ ಮನೆಯಿಂದ ಕೆಳಗಿಳಿಯುವುದು ಆಸ್ಪತ್ರೆಗೆ ಹೋಗುವಾಗ ಮಾತ್ರ. ದೇವಸ್ಥಾನ, ಭಜನೆ, ತಾಳಮದ್ದಳೆ ಒಂದೊಂದಾಗಿ ತಪ್ಪುತ್ತವೆ.

ಹೊಸ ದಾರಿ ತೆರೆದವರು

ಈ ಭಾಗದಲ್ಲಿ ಹಿರಿಯರ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದವರಲ್ಲಿ ಶೈಲು ಶ್ರೀನಿವಾಸನ್ ಪ್ರಮುಖರು. ಅವರು 1995ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಡಿಗ್ನಿಟಿ ಫೌಂಡೇಶನ್ ಹಿರಿಯರಿಗಾಗಿ ಪತ್ರಿಕೆ ತಂದಿತು, ಸಹಾಯವಾಣಿ ನಡೆಸಿತು, ಒಂಟಿಯಾಗಿರುವವರ ಮನೆಗೆ ಮಾತಿಗೆ ಜನ ಕಳಿಸಿತು. ಮುಂದೆ ಕಲ್ಯಾಣ್ ದಾಟಿ ಕರ್ಜತ್ ದಾರಿಯಲ್ಲಿರುವ ನೇರಳದಲ್ಲಿ ಹಿರಿಯರದೇ ಒಂದು ಟೌನ್‌ಶಿಪ್ ಕಟ್ಟಿತು. ಮರೆವಿನ ಕಾಯಿಲೆಯವರ ಆರೈಕೆಗೂ ಅಲ್ಲಿ ವ್ಯವಸ್ಥೆಯಿದೆ. ಅನಾಥರನ್ನು ಸೇರಿಸುವ ಜಾಗವೇ ವೃದ್ಧಾಶ್ರಮ ಎಂದು ಜನ ತಿಳಿದಿದ್ದ ಕಾಲದಲ್ಲಿ, ಕೈಯಲ್ಲಿ ಪಿಂಚಣಿ ಇರುವವರೂ ತಮ್ಮಿಷ್ಟದಿಂದ ಹೋಗಿ ನೆಲೆಸಬಹುದಾದ ಊರು ಅದು.

ಮೀರಾ ರೋಡಿನ ಶೈಲೇಶ್ ಮಿಶ್ರಾ 2008ರಲ್ಲಿ ಸಿಲ್ವರ್ ಇನ್ನಿಂಗ್ಸ್ ಸಂಸ್ಥೆ ಕಟ್ಟಿದರು. ಅವರ 'ಸ್ನೇಹಾಂಜಲಿ' ಮನೆ ನಾಲಾಸೋಪಾರಾ ಬಳಿಯ ರಾಜೋಡಿಯಲ್ಲಿದೆ. 2014ರಲ್ಲಿ ಪಾಲ್ಘರ್ ಬೇರೆ ಜಿಲ್ಲೆಯಾಗುವವರೆಗೆ ಆ ಊರೂ ಥಾಣೆ ಜಿಲ್ಲೆಯದೇ. ಮನೆಯಲ್ಲಿ ನೋಡಿಕೊಳ್ಳಲಾಗದ, ಆದರೆ ಆಸ್ಪತ್ರೆಯಲ್ಲಿ ಮಲಗಿಸಬೇಕಾಗಿಯೂ ಇಲ್ಲದ ಹಿರಿಯರಿಗೆ ಬೇಕಾದದ್ದು ಇಂಥ ನಡುವಿನ ವ್ಯವಸ್ಥೆ.

ನವಿ ಮುಂಬಯಿಯ ನೆರೂಲ್‌ನಲ್ಲಿ ನಮ್ಮವರದೇ ಒಂದು ಪ್ರಯತ್ನವಿದೆ. ಸಾಯನ್ನಿನ ಗೋಕುಲದ ಬಿ.ಎಸ್.ಕೆ.ಬಿ. (ಬಾಂಬೆ ಸೌತ್ ಕೆನರಾ ಬ್ರಾಹ್ಮಿನ್ಸ್) ಅಸೋಸಿಯೇಶನ್ ನಡೆಸುವ ಹಿರಿಯ ನಾಗರಿಕರ ವಸತಿ 'ಆಶ್ರಯ'. ಊರಿನ ಮನೆ ಮಾರಿದ, ಮಕ್ಕಳು ವಿದೇಶದಲ್ಲಿರುವ ಕರಾವಳಿಯ ದಂಪತಿಗಳಿಗೆ ತಮ್ಮ ಹಬ್ಬ, ತಮ್ಮ ಊಟ, ತಮ್ಮ ಮಾತು ಸಿಗುವ ಜಾಗವೆಂದರೆ ಸಣ್ಣ ವಿಷಯವಲ್ಲ. ಅದೇ ನವಿ ಮುಂಬಯಿಯಲ್ಲಿ ಮಹಾನಗರಪಾಲಿಕೆ ಕಟ್ಟಿಸಿದ 'ವಿರಂಗುಳಾ ಕೇಂದ್ರ'ಗಳಿವೆ. ಹಿರಿಯರು ಅಲ್ಲಿ ಪೇಪರ್ ಓದುತ್ತಾರೆ, ಕೇರಂ ಆಡುತ್ತಾರೆ, ರಾಜಕೀಯ ಜಗಳಾಡುತ್ತಾರೆ.

ಕಲ್ಯಾಣಿನಿಂದ ಮುರಬಾಡ್ ಕಡೆ ಹೋದರೆ ಫಾಂಗಣೆ ಎಂಬ ಹಳ್ಳಿ. ಅಲ್ಲಿನ ಶಿಕ್ಷಕ ಯೋಗೇಂದ್ರ ಬಾಂಗರ್ 2016ರ ಮಹಿಳಾ ದಿನದಂದು ಅಜ್ಜಿಯರಿಗಾಗಿಯೇ ಶಾಲೆ ತೆರೆದರು. ಅರವತ್ತು ದಾಟಿದ ಹೆಂಗಸರು ಗುಲಾಬಿ ಸೀರೆಯುಟ್ಟು, ಪಾಟಿಚೀಲ ಹಿಡಿದು ಅಲ್ಲಿಗೆ ಬಂದರು, ಹೆಬ್ಬೆಟ್ಟು ಬಿಟ್ಟು ಸಹಿ ಕಲಿತರು. ಇಲ್ಲಿ ಔಷಧಿಯೂ ಇಲ್ಲ, ನರ್ಸೂ ಇಲ್ಲ. ಆದರೂ ಹಿರಿಯರ ಆರೈಕೆಯ ಮಾತು ಬಂದಾಗ ಈ ಶಾಲೆಯ ಹೆಸರು ಬರಲೇಬೇಕು. ವಯಸ್ಸಾದವರಿಂದ ಯಾರೂ ಏನನ್ನೂ ನಿರೀಕ್ಷಿಸದ ಕಡೆ ಅದು ಅವರಿಂದ ಹೋಮ್‌ವರ್ಕ್ ನಿರೀಕ್ಷಿಸಿತು.

ನೂರು ಹಕ್ಕಿ, ನಾಲ್ಕು ಬೆಕ್ಕು

ಈ ಎಲ್ಲ ಕೆಲಸಗಳ ಹಿಂದೆ ಒಂದೇ ಪ್ರಶ್ನೆಯಿದೆ: ಹಿರಿಯರ ದಿನಚರಿ ಯಾರ ಅನುಕೂಲಕ್ಕೆ? ಹಳೆಯ ಪದ್ಧತಿಯ ಆಶ್ರಮಗಳಲ್ಲಿ ಆರಕ್ಕೆ ಎಬ್ಬಿಸಿ, ಆರೂವರೆಗೆ ಸಾಲಾಗಿ ಸ್ನಾನ ಮಾಡಿಸಿ, ಏಳಕ್ಕೆ ಚಹ ಕೊಡುತ್ತಾರೆ. ಬಟ್ಟೆ ಶುಭ್ರ, ಹಾಸಿಗೆ ಶುಭ್ರ. ಆದರೆ ಆ ಗಂಟೆಗಳೆಲ್ಲ ನೌಕರರ ಪಾಳಿಗೆ ಹೊಂದಿಸಿದವು. ಅಜ್ಜಿಗೆ ಮೊದಲು ಕಾಫಿ ಬೇಕೋ, ಸ್ನಾನ ಬೇಕೋ ಎಂದು ಕೇಳಿದವರಿಲ್ಲ.

ಇದನ್ನು ಪ್ರಶ್ನಿಸಿದವರು ಹೊರಗೂ ಇದ್ದಾರೆ. 1991ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ನರ್ಸಿಂಗ್ ಹೋಮಿಗೆ ವೈದ್ಯರಾಗಿ ಬಂದ ಬಿಲ್ ಥಾಮಸ್, ಅಲ್ಲಿಯವರನ್ನು ಕಾಯಿಲೆಗಿಂತ ಹೆಚ್ಚಾಗಿ ಒಂಟಿತನ, ಬೇಸರ, ಅಸಹಾಯಕತೆ ಬಾಧಿಸುತ್ತಿವೆ ಎಂದು ಕಂಡುಕೊಂಡರು. ಎರಡು ನಾಯಿ, ನಾಲ್ಕು ಬೆಕ್ಕು, ನೂರು ಹಕ್ಕಿಗಳನ್ನು ಒಳಗೆ ತಂದರು. ಹಕ್ಕಿಗೆ ಕಾಳು ಹಾಕುವ ಕೆಲಸ ಹಿರಿಯರದಾಯಿತು. ಔಷಧಿಯ ಬಳಕೆ ಇಳಿಯಿತು. ಬ್ರಿಟನ್ನಿನ ಟಾಮ್ ಕಿಟ್‌ವುಡ್, ಮರೆವಿನ ರೋಗಿಯಲ್ಲಿ ರೋಗಕ್ಕಿಂತ ಮೊದಲು ವ್ಯಕ್ತಿಯನ್ನು ನೋಡಿ ಎಂದು ವಾದಿಸಿದರು. ಅಮೆರಿಕದಲ್ಲಿ ನರ್ಸ್, ಸಮಾಜಸೇವಕ, ಆಡಳಿತಗಾರರು ಸೇರಿ 1997ರಲ್ಲಿ 'ಪಯನಿಯರ್ ನೆಟ್‌ವರ್ಕ್' ಕಟ್ಟಿದ್ದು ಇದೇ ಕಾರಣಕ್ಕೆ. ನಮ್ಮ ಬೆಂಗಳೂರಿನಲ್ಲಿ ಡಾ. ರಾಧಾ ಮೂರ್ತಿ ಮತ್ತು ಎಸ್. ಪ್ರೇಮಕುಮಾರ್ ರಾಜಾ ಅವರ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಪೊಲೀಸರೊಂದಿಗೆ ಸೇರಿ 2002ರಿಂದ ಹಿರಿಯರ ಸಹಾಯವಾಣಿ 1090 ನಡೆಸಿತು; ಮರೆವಿನ ಕಾಯಿಲೆಯವರಿಗೆ ಪ್ರತ್ಯೇಕ ಕೇಂದ್ರವನ್ನೂ ಕಟ್ಟಿತು.

ತುಳು ಬಾರದ ಮಾವಶಿ

ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಈ ಕಾಯಿಲೆಯಲ್ಲಿ ದೊಡ್ಡವರಾದ ಮೇಲೆ ಕಲಿತ ಮಾತು ಮೊದಲು ಜಾರುವುದುಂಟು. ಐವತ್ತು ವರ್ಷ ಸಲೀಸಾಗಿ ಮರಾಠಿ, ಹಿಂದಿ ಆಡಿದವರ ಬಾಯಲ್ಲಿ ಕೊನೆಗೆ ತುಳುವೋ ಕನ್ನಡವೋ ಮಾತ್ರ ಉಳಿಯುತ್ತದೆ. ನೀರು ಕೇಳಿದರೂ ಮಾವಶಿಗೆ ತಿಳಿಯದು. 'ಪೇಷಂಟ್ ಚಿಡ್‌ಚಿಡ್ ಮಾಡುತ್ತಾರೆ' ಎಂಬ ದೂರು ಮನೆಯವರಿಗೆ ಹೋಗುತ್ತದೆ, ನಿದ್ದೆಗುಳಿಗೆ ಶುರುವಾಗುತ್ತದೆ.

ತರಬೇತಿಯಾದವರು ಇಲ್ಲಿ ಬೇರೆ ಹಾದಿ ಹಿಡಿಯುತ್ತಾರೆ. ಕೆಲಸಕ್ಕೆ ಸೇರಿದ ದಿನವೇ ಮನೆಯವರ ಹತ್ತಿರ ಹಿರಿಯರ ಬದುಕಿನ ಕತೆ ಕೇಳಿ ಬರೆದಿಡುತ್ತಾರೆ. ಹೋಟೆಲಿನಲ್ಲಿ ನಲವತ್ತು ವರ್ಷ ಕಳೆದವರು ನಸುಕಿನ ನಾಲ್ಕಕ್ಕೇ ಎದ್ದು ಕೂತರೆ ಅದು ನಿದ್ರಾಹೀನತೆ ಆಗಬೇಕಿಲ್ಲ, ಇಡ್ಲಿ ಬೇಯಿಸಲು ಏಳುತ್ತಿದ್ದ ಅಭ್ಯಾಸವಿರಬಹುದು. ಅವರಿಗೆ ಒಂದು ಬಟ್ಟೆ ಕೊಟ್ಟು ಮೇಜು ಒರೆಸಲು ಬಿಟ್ಟರೆ ಗುಳಿಗೆ ಮಾಡಲಾಗದ ಕೆಲಸ ಆಗುತ್ತದೆ. ಸಂಜೆಯಾಗುತ್ತಲೇ 'ಊರಿಗೆ ಹೋಗಬೇಕು, ಬಸ್ಸು ಎಷ್ಟಕ್ಕೆ?' ಎಂದು ಎದ್ದವರಿಗೆ 'ಇದೇ ನಿಮ್ಮ ಮನೆ' ಎಂದು ವಾದಿಸುವುದಿಲ್ಲ. 'ಊರಲ್ಲಿ ಯಾರಿದ್ದಾರೆ? ಈಗ ಯಾವ ಬೆಳೆ?' ಎಂದು ಮಾತಿಗೆಳೆಯುತ್ತಾರೆ.

ಇಂಥ ಕುಶಲತೆಗೆ ಬೆಲೆ ಕಟ್ಟುವವರು ಕಡಿಮೆ. ಬ್ಯೂರೋದಿಂದ ಬರುವ ಎಷ್ಟೋ ಹೆಂಗಸರು ಕೆಲಸ ಕಲಿತದ್ದು ಕೆಲಸ ಮಾಡುತ್ತಲೇ. ಅವರ ದಿನಗೂಲಿಯಲ್ಲಿ ಬ್ಯೂರೋಗೂ ಪಾಲಿದೆ, ರಜೆ ಹಾಕಿದರೆ ಆ ದಿನದ ಸಂಬಳವಿಲ್ಲ. ಮಲಗಿದಲ್ಲೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಬೆಡ್‌ಸೋರ್ ಆಗದಂತೆ ಕಾಯುವವರು, ತಮ್ಮ ಬೆನ್ನು ನೋಯದಂತೆ ಎತ್ತುವುದು ಹೇಗೆಂದು ಯಾರಿಂದಲೂ ಕಲಿತಿರುವುದಿಲ್ಲ. ಜೆರಿಯಾಟ್ರಿಕ್ ಕೇರ್ ಕೋರ್ಸುಗಳು ಈಗ ಇವೆ. ಕಲಿತು ಬಂದವರಿಗೆ ಹೆಚ್ಚು ಕೊಡುವ ಮನಸ್ಸು ಮನೆಯವರಿಗೆ ಬರಬೇಕು. ಹಿರಿಯರ ಮರ್ಯಾದೆಯೂ ಅವರನ್ನು ನೋಡಿಕೊಳ್ಳುವವರ ಮರ್ಯಾದೆಯೂ ಒಟ್ಟೊಟ್ಟಿಗೇ ಏರಬೇಕಾದವು.

ಕಾನೂನು ಎಲ್ಲಿಯವರೆಗೆ?

ಹಿರಿಯರ ವಸತಿ ಎಂದು ಜಾಹೀರಾತು ಕೊಡುವ ಯೋಜನೆಗಳಿಗೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಮಹಾರೇರಾ 2024ರಲ್ಲಿ ನಿಯಮ ತಂದಿತು. ಬಾಗಿಲು ಕನಿಷ್ಠ 900 ಮಿಲಿಮೀಟರ್ ಅಗಲ ಇರಬೇಕು, ವೀಲ್‌ಚೇರ್ ಹಿಡಿಸುವ ಲಿಫ್ಟ್ ಬೇಕು, ರ‍್ಯಾಂಪ್ ಬೇಕು, ಬಚ್ಚಲಲ್ಲಿ ಜಾರದ ನೆಲ, ಹಿಡಿಕೆ ಬೇಕು. ಹೊಸ ಕಟ್ಟಡಕ್ಕೆ ಇದು ಒಳ್ಳೆಯದೇ. ಡೊಂಬಿವಲಿಯ ಹಳೆಯ ಸೊಸೈಟಿಗೆ ಈ ನಿಯಮ ತಟ್ಟದು. ಅಲ್ಲಿ ಒಂದು ಹಿಡಿಕೆ ಕೂರಿಸಲೂ ಜನರಲ್ ಬಾಡಿ ಮೀಟಿಂಗ್ ಆಗಬೇಕು. ಪುನರ್ನಿರ್ಮಾಣದ ಮಾತುಕತೆಗೆ ಕೂರುವ ಸೊಸೈಟಿಗಳು ಹೆಚ್ಚುವರಿ ಚದರಡಿಯ ಜೊತೆಗೆ ಈ ಸೌಲಭ್ಯಗಳನ್ನೂ ಬಿಲ್ಡರ್ ಹತ್ತಿರ ಬರೆಸಿಕೊಳ್ಳಬಹುದು.

ತಂದೆತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ ಜೀವನಾಂಶ ಕೇಳುವ ಹಕ್ಕು ಕೊಡುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಮನೆ ಬರೆದುಕೊಟ್ಟಿದ್ದು, ಪಡೆದವರು ಮಾತು ತಪ್ಪಿದರೆ ಆ ಪತ್ರ ರದ್ದಾಗಬಹುದು. ಆದ್ದರಿಂದ ಷರತ್ತನ್ನು ದಾನಪತ್ರದಲ್ಲೇ ಬರೆಸುವುದು ಕ್ಷೇಮ. ಸಲಹೆಗೆ ಕೇಂದ್ರದ ಸಹಾಯವಾಣಿ 14567 ಇದೆ.

ವಸತಿ ಅಥವಾ ಆರೈಕೆ ಸಂಸ್ಥೆ ಹುಡುಕುವವರು ಶುಲ್ಕ, ಕೋಣೆಯ ಜೊತೆಗೆ ಇನ್ನಷ್ಟು ಕೇಳಬೇಕು. ಎದ್ದೇಳುವ ಹೊತ್ತು ಯಾರಿಚ್ಛೆ? ಹೇಳದೆ ಕೇಳದೆ ಮನೆಯವರು ಬರಬಹುದೇ? ರಾತ್ರಿ ಎಷ್ಟು ಜನಕ್ಕೆ ಒಬ್ಬ ನೌಕರ? ಹಾಸಿಗೆಗೆ ಕೈಕಾಲು ಕಟ್ಟುವ ರೂಢಿ ಇದೆಯೇ? ನೌಕರರು ಎಷ್ಟು ಕಾಲದಿಂದ ಇದ್ದಾರೆ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಉಳಿದವನ್ನೂ ಹೇಳಿಬಿಡುತ್ತದೆ.

ಈ ಭಾಗದ ಕನ್ನಡ ಸಂಘಗಳಿಗೂ ಇಲ್ಲಿ ಒಂದು ಕೆಲಸ ಕಾದಿದೆ. ಹೋಟೆಲ್ ಹುಡುಗರು ಓದಲೆಂದು ಮುಂಬಯಿಯ ನಮ್ಮ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿದವು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆಯಲ್ಲಿ ಕಲಿತವರು ಎಲ್ಲೆಲ್ಲೋ ಏರಿದರು. ಆ ಹುಡುಗರಿಗೇ ಈಗ ಎಂಬತ್ತು. ಅದೇ ಸಭಾಂಗಣಗಳಲ್ಲಿ ಆರೈಕೆಯ ತರಬೇತಿ ನಡೆಯಲಿ; ಮರಾಠಿ ಮಾವಶಿಯರಿಗೆ ನೀರು, ನೋವು, ಹಸಿವು, ಬಚ್ಚಲು ಇವಿಷ್ಟನ್ನು ತುಳು-ಕನ್ನಡದಲ್ಲಿ ಹೇಳಿಕೊಡಲಿ; ಮೆಟ್ಟಿಲಿಳಿಯಲಾಗದವರ ಮನೆಗೆ ವಾರಕ್ಕೊಮ್ಮೆ ಹೋಗಿ ಮಾತಾಡುವವರ ಪಟ್ಟಿ ತಯಾರಾಗಲಿ. ವಾರ್ಷಿಕೋತ್ಸವದ ಸನ್ಮಾನಕ್ಕೆ ಮಾಡುವ ಖರ್ಚಿನಲ್ಲಿ ಇದು ಆದೀತು.